ನಿಂಜಾಗಳ ನ್ಯಾಯಪಂಚಾಯಿತಿ

ಕಳೆದ ದೀಪಾವಳಿಗೆ ನಾಲ್ಕು ದಿನ ಮುಂಚೆ ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದ ತಂಗಿಯ ಮುಖದಲ್ಲಿ ನಗು. ಒಳಗಿನ ಕೋಣೆಯಿಂದ ಬಿಕ್ಕಿಬಿಕ್ಕಿ ಅಳುವ ಸದ್ದು.

"ಏನಮ್ಮಾ ಇದು?" ಎಂದು ಗಾಬರಿಯಿಂದ ಕೇಳಿದೆ.

"ಏನಿಲ್ಲ ಅಣ್ಣಾ, ನಿನ್ನ ಸೊಸೆ ಮೊನ್ನೆ ರಾತ್ರಿ ಸತ್ತುಹೋದಳಂತೆ. ಇವತ್ತು ಸುದ್ದಿ ತಿಳಿಯಿತು. ಬಾ, ಕಾಫಿ ಕುಡಿ."

ಸತ್ತವಳೇ ಒಳಗೆ ಕುಳಿತು ತನಗಾಗಿ ಅಳುತ್ತಿದ್ದಳು! ನಾನೂ ನಕ್ಕುಬಿಡುತ್ತಿದ್ದೆನೋ ಏನೋ. ಆದರೆ ಹದಿನೈದು ವರ್ಷದ ಹುಡುಗಿ ಕಣ್ಣೊರೆಸಿಕೊಂಡು, "ಮಾಮಾ, ಸತ್ತದ್ದಕ್ಕೆ ಅಳುತ್ತಿಲ್ಲ. ಮೋಸದಿಂದ ಕೊಂದರಲ್ಲ, ಅದಕ್ಕೆ ಅಳು" ಎಂದಾಗ ನಗು ಬಾಯಲ್ಲೇ ನಿಂತಿತು. ಅನ್ಯಾಯವಾಯಿತೆಂದು ಅಳುವ ಮಗುವಿನ ಮಾತನ್ನು ಕೇಳದೆ ಹೋಗುವುದು ಇನ್ನೊಂದು ಅನ್ಯಾಯ. ಕಾಫಿ ಲೋಟವನ್ನು ಹಿಡಿದುಕೊಂಡೇ ಅವಳ ಕಂಪ್ಯೂಟರಿನ ಮುಂದೆ ಕುಳಿತೆ.

ಇದೆಂಥ ಆಟ?

ನಮ್ಮ ಮಕ್ಕಳಲ್ಲಿ ಹಲವರು ಆಡುವ ಈ ಆಟದ ಹೆಸರು 'ರೋಲ್‌ಪ್ಲೇ'. ನಾವು ಪಾತ್ರದಾಟ ಎನ್ನೋಣ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಕಲ್ಪಿಸಿಕೊಳ್ಳುತ್ತಾರೆ. ಅದರ ಊರು, ಗುರು, ವಿದ್ಯೆ, ಸ್ವಭಾವ ಎಲ್ಲವನ್ನೂ ಬರೆಯುತ್ತಾರೆ. ಆಮೇಲೆ ಒಬ್ಬರ ಪಾತ್ರ ಮಾಡಿದ್ದಕ್ಕೆ ಇನ್ನೊಬ್ಬರ ಪಾತ್ರ ಉತ್ತರ ಕೊಡುತ್ತದೆ. ಹೀಗೆ ಸರದಿಯ ಮೇಲೆ ಬರೆಯುತ್ತ ಹೋದಂತೆ ಕಥೆ ಬೆಳೆಯುತ್ತದೆ. ನನ್ನ ಸೊಸೆಯ ಬಳಗದಲ್ಲಿ ಪುಣೆಯವರಿದ್ದಾರೆ, ಚೆನ್ನೈಯವರಿದ್ದಾರೆ, ಫಿಲಿಪೈನ್ಸಿನವರೂ ಇದ್ದಾರೆ. ಒಬ್ಬರ ಮುಖವನ್ನು ಒಬ್ಬರು ಕಂಡವರಲ್ಲ.

ಪಾತ್ರಗಳೆಲ್ಲ ನಿಂಜಾಗಳು. ಜಪಾನಿನ ಇಗಾ, ಕೋಗಾ ಎಂಬ ಗುಡ್ಡಗಾಡು ಸೀಮೆಗಳಲ್ಲಿ ಹೆಸರಾದ ಗೂಢಚಾರರೇ ಇತಿಹಾಸದ ನಿಂಜಾಗಳು. 1581ರಲ್ಲಿ ಓಡಾ ನೊಬುನಾಗನ ಸೈನ್ಯ ಇಗಾವನ್ನು ಧ್ವಂಸಮಾಡಿತು. ಆದರೆ ಮಕ್ಕಳು ಬಲ್ಲ ನಿಂಜಾಗಳು ಮಸಾಶಿ ಕಿಶಿಮೊಟೊ ಎಂಬ ಚಿತ್ರಕಥೆಗಾರರ 'ನರುಟೊ'ದಿಂದ ಬಂದವರು. 1999ರಿಂದ 2014ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ 700 ಅಧ್ಯಾಯಗಳಾಗಿ ಬಂದ ಕಥೆ ಅದು. ಅಲ್ಲಿ ನಿಂಜಾಗಳಿಗೆ ಗೆನಿನ್, ಚೂನಿನ್, ಜೋನಿನ್ ಎಂಬ ಅಂತಸ್ತುಗಳುಂಟು. ಬೆರಳುಗಳಿಂದ ಮುದ್ರೆ ಹಿಡಿದು, ಮೈಯೊಳಗಿನ ಶಕ್ತಿಯನ್ನು ಎಬ್ಬಿಸಿ ಬೆಂಕಿಯನ್ನೋ ನೀರನ್ನೋ ಪ್ರಯೋಗಿಸುತ್ತಾರೆ. ಆ ಶಕ್ತಿಯ ಹೆಸರು ಏನೆಂದುಕೊಂಡಿರಿ? ನಮ್ಮದೇ 'ಚಕ್ರ'! ಆ ಮಾತು ನಮ್ಮ ಯೋಗಶಾಸ್ತ್ರದ್ದೆಂದು ಹೇಳಿದಾಗ ಹುಡುಗಿ ಅಳು ಮರೆತು ಕಣ್ಣರಳಿಸಿದಳು.

ಮೊನ್ನೆ ರಾತ್ರಿ ನಡೆದದ್ದು

ಅವಳ ಪಾತ್ರಕ್ಕೆ ಎರಡು ವರ್ಷ ವಯಸ್ಸು. ಅಷ್ಟು ದಿನ ಬರೆದು ಬರೆದು ಬೆಳೆಸಿದ್ದಳು. ಶಾಲೆಯ ಅರ್ಧವಾರ್ಷಿಕ ಪರೀಕ್ಷೆ ಬಂತು; ತಾಯಿಯ ಆಜ್ಞೆಯಂತೆ ಕಂಪ್ಯೂಟರನ್ನು ಮುಚ್ಚಿಟ್ಟಳು. ಆ ಹೊತ್ತಿಗೆ ಅವಳಿಗಿಂತ ಎರಡು ಅಂತಸ್ತು ಮೇಲಿರುವ ಪಾತ್ರದ ಹುಡುಗನೊಬ್ಬ ಸವಾಲು ಹಾಕಿದ. ಒಂದು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂಬ ನಿಯಮ ಮೊದಲೇ ಇತ್ತು. ಎರಡನೆಯ ದಿನ, 'ಸರದಿಗೆ ಬಾರದವರ ಮೇಲೆ ಹಾಕಿದ ಏಟು ತಾಗಿದಂತೆಯೇ ಸರಿ' ಎಂಬ ಹೊಸ ನಿಯಮ ಹುಟ್ಟಿತು. ಅದನ್ನು ಬರೆದವನು ಸವಾಲು ಹಾಕಿದವನ ಆಪ್ತ ಗೆಳೆಯ. ಮೂರನೆಯ ರಾತ್ರಿ ಹುಡುಗ ನಾಲ್ಕು ಸಾಲು ಬರೆದ. ನಾಲ್ಕನೆಯ ಸಾಲಿನಲ್ಲಿ ಇವಳ ತಲೆ ಉರುಳಿತು.

ಓದಿ ಮುಗಿಸಿದಾಗ ನನಗೆ ಜೂಜಿನ ಸಭೆ ನೆನಪಾಯಿತು. ಅಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಉರುಳಿಸಿದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಯ ಬಾಯಿಬಿಟ್ಟು ಹೇಳಿದ. ಆದರೂ ಕುಳಿತು ಆಡಿದ. ಕರೆದಾಗ ಹಿಂಜರಿಯಬಾರದೆಂಬ ಹಟ ಅವನದು. ಕೆಟ್ಟ ನಿಯಮದ ಕೆಳಗೆ ಆಟಕ್ಕೆ ಕೂತ ಮೇಲೆ ಆಟಗಾರನ ಒಳ್ಳೆಯತನ ಅವನನ್ನು ಕಾಯಲಾರದು.

ತಾಳಮದ್ದಳೆಗೂ ಇದಕ್ಕೂ ಇರುವ ಭೇದ

ಆಡುತ್ತ ಆಡುತ್ತ ಕಥೆ ಕಟ್ಟುವುದು ನಮಗೇನೂ ಹೊಸದಲ್ಲ. ಕರಾವಳಿಯವರು ಮುಂಬಯಿಗೂ ಹೊತ್ತು ತಂದ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಹೊಳೆದ ಮಾತನ್ನು ಹೊಳೆದಂತೆ ಆಡುತ್ತಾರೆ. ಆದರೆ ಅಲ್ಲಿ ಫಲ ಮೊದಲೇ ಗೊತ್ತು. ವಾಲಿಯ ಅರ್ಥಧಾರಿ ಮಾತಿನಲ್ಲಿ ರಾಮನನ್ನು ಎಷ್ಟೇ ಕಟ್ಟಿಹಾಕಲಿ, ಕೊನೆಗೆ ಸಾಯುವವನು ವಾಲಿಯೇ. ಅದರಿಂದ ಜಗಳಕ್ಕೆ ಎಡೆಯಿಲ್ಲ.

ಪಾತ್ರದಾಟದಲ್ಲಿ ಫಲ ಗೊತ್ತಿಲ್ಲ. ಬರೆಯುವ ಇಬ್ಬರಿಗೂ ಗೆಲ್ಲುವ ಆಸೆ. ಈ ತೊಡಕು ಹಳೆಯದು. 1824ರಲ್ಲಿ ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ಸೈನ್ಯಾಧಿಕಾರಿ ಪ್ರಕಟಿಸಿದ ಯುದ್ಧದ ಆಟದಲ್ಲಿ ನಡುವೆ ಒಬ್ಬ ತೀರ್ಪುಗಾರನಿದ್ದ. ಇಬ್ಬರ ಗುಟ್ಟೂ ಅವನೊಬ್ಬನಿಗೇ ಗೊತ್ತು; ರಣರಂಗದಲ್ಲಿ ಯಾರಿಗೆ ಎಷ್ಟು ಕಾಣಬಹುದೋ ಅಷ್ಟನ್ನೇ ಅವರಿಗೆ ತೋರಿಸುತ್ತಿದ್ದ; ಏಟಿನ ಫಲವನ್ನು ದಾಳ ಉರುಳಿಸಿ ಹೇಳುತ್ತಿದ್ದ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ, ದಾಳಕ್ಕಿಂತ ಅನುಭವಿಯ ವಿವೇಕವೇ ಮೇಲೆಂದು ವಾದಿಸಿದ. 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರದಾಟದಲ್ಲೂ ನಡುವಿನ ಆ ಒಬ್ಬನಿದ್ದಾನೆ. ದಾಳವೋ ವಿವೇಕವೋ, ಅದು ಬೇರೆ ಮಾತು. ಆದರೆ ಆಡುವವನೇ ತೀರ್ಪುಗಾರನಾಗಕೂಡದೆಂಬುದರಲ್ಲಿ ಎಲ್ಲರೂ ಒಂದೇ.

ಪಂಚಾಯಿತಿ ಕೂಡಿತು

ಪಾಡ್ಯದ ಮರುದಿನ ಮಕ್ಕಳೆಲ್ಲ ಕಂಪ್ಯೂಟರಿನಲ್ಲೇ ಸಭೆ ಸೇರಿದರು. ಆಟ ತಿಳಿಯದ ಹಿರಿಯನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ನಡುವೆ ಕೂರಿಸಿದರು. ಸವಾಲು ಹಾಕಿದ ಹುಡುಗನೂ ಬಂದಿದ್ದ. ಅವನದೂ ಒಂದು ವಾದವಿತ್ತು: "ಅಂಕಲ್, ನಿಂಜಾ ಅಂದರೇ ಮೋಸ. ಮಲಗಿದ್ದವನನ್ನು ಕೊಲ್ಲುವುದೇ ಅವನ ಕಸುಬು. ಅವನಿಗೆ ಧರ್ಮಯುದ್ಧದ ನಿಯಮ ಹಾಕಿದರೆ ಆಟ ಎಲ್ಲಿ ಉಳಿಯಿತು?"

ಮಾತು ಚುರುಕಾಗಿತ್ತು. ಉತ್ತರ ಹುಡುಕುತ್ತ ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಚೆನ್ನೈಯ ಹುಡುಗಿಯೊಬ್ಬಳು, "ಮೋಸ ಮಾಡಬೇಕಾದದ್ದು ನಿನ್ನ ನಿಂಜಾ, ನೀನಲ್ಲ" ಎಂದಳು. ಇಡೀ ನ್ಯಾಯಶಾಸ್ತ್ರ ಆ ಒಂದು ಮಾತಿನಲ್ಲಿತ್ತು. ಅದರ ಮೇಲೆಯೇ ಆರು ನಿಯಮಗಳು ನಿಂತವು.

ಒಂದು: ನೀನು ಏನು ಮಾಡಿದೆ ಎಂದು ಬರೆ, ಎದುರಾಳಿಗೆ ಏನಾಯಿತೆಂದು ಬರೆಯಬೇಡ. 'ಕತ್ತಿ ಬೀಸಿದೆ' ಎಂದರೆ ಸರಿ, 'ಕತ್ತಿ ಅವಳ ಕೊರಳಿಗೆ ತಾಗಿತು' ಎಂದರೆ ತಪ್ಪು. ತಾಗಿತೋ ಇಲ್ಲವೋ ಹೇಳುವವಳು ಅವಳು. ಹಾಗೆಂದು ಬಂದ ಏಟನ್ನೆಲ್ಲ ತಪ್ಪಿಸಿಕೊಳ್ಳುತ್ತಲೇ ಇರುವುದೂ ಅಷ್ಟೇ ದೊಡ್ಡ ತಪ್ಪು. ಮಕ್ಕಳು ಇದನ್ನು 'ಗಾಡ್‌ಮಾಡಿಂಗ್', ಅಂದರೆ ದೇವರಾಗಿಬಿಡುವುದು, ಎನ್ನುತ್ತಾರೆ. ಒಳ್ಳೆಯ ಹೆಸರು!

ಎರಡು: ಓದುವವನಾಗಿ ನಿನಗೆ ಗೊತ್ತಿರುವುದೆಲ್ಲ ನಿನ್ನ ಪಾತ್ರಕ್ಕೆ ಗೊತ್ತಿರಬೇಕಾಗಿಲ್ಲ. ಎದುರಾಳಿ ಬಲೆ ಒಡ್ಡಿದ್ದನ್ನು ಬರಹದಲ್ಲಿ ಓದಿ, ಪಾತ್ರ ಅದನ್ನು ತಾನೇ ಕಂಡಂತೆ ಹಾರಿ ದಾಟುವುದು ಕಳ್ಳತನ. ಇದರ ಹೆಸರು 'ಮೆಟಾಗೇಮಿಂಗ್'. ಗುಟ್ಟಾಗಿ ಬಲೆ ಒಡ್ಡುವುದಿದ್ದರೆ ಅದನ್ನು ಮೊದಲೇ ತೀರ್ಪುಗಾರನಿಗೆ ಮಾತ್ರ ಬರೆದು ಕಳಿಸಬೇಕು. ಹೀಗೆ ನಿಂಜಾನ ಮೋಸಕ್ಕೂ ಜಾಗ ಉಳಿಯಿತು, ಹುಡುಗನ ವಾದಕ್ಕೂ ಮರ್ಯಾದೆ ಸಿಕ್ಕಿತು.

ಮೂರು: ಮೌನ ಸಮ್ಮತಿಯಲ್ಲ. ಒಪ್ಪಿಗೆ ಬರೆದು ಕೊಟ್ಟರೆ ಮಾತ್ರ ಪಂದ್ಯ. ಒಂದು ಅಂತಸ್ತಿಗಿಂತ ಹೆಚ್ಚು ಕೆಳಗಿರುವವರಿಗೆ ಸವಾಲು ಹಾಕಕೂಡದು; ಕೆಳಗಿನವರು ಮೇಲಿನವರನ್ನು ಕರೆಯಬಹುದು. ಕರ್ಣ ಅರ್ಜುನನನ್ನು ಕರೆದಾಗ ಕೃಪಾಚಾರ್ಯರು ಕುಲ ಕೇಳಿ ತಡೆದರು. ಅಂಥ ತಡೆ ನಮಗೆ ಬೇಡವೆಂದು ಎಲ್ಲರೂ ಒಪ್ಪಿದರು. ಎಳೆಯರನ್ನು ಕಾಯಲು ತಡೆ ಬೇಕೇ ಹೊರತು ಹಿರಿಯರ ಪಟ್ಟವನ್ನು ಕಾಯಲು ಅಲ್ಲ.

ನಾಲ್ಕು: ಒಂದು ಸರದಿಗೆ ಎರಡು ದಿನ ಸಮಯ. ಪರೀಕ್ಷೆ, ಕಾಯಿಲೆ, ಪ್ರಯಾಣ ಎಂದು ತಿಳಿಸಿದರೆ ಗಡಿಯಾರ ನಿಲ್ಲುತ್ತದೆ. ತಿಳಿಸದೆ ಎರಡು ಸಲ ತಪ್ಪಿದರೆ ಪಂದ್ಯ ಸೋತಂತೆ. ಆದರೆ ಪಾತ್ರ ಸತ್ತಂತಲ್ಲ.

ಐದು: ಪಣವನ್ನು ಮೊದಲೇ ಗೊತ್ತುಮಾಡಬೇಕು. ಪಾತ್ರದ ಪ್ರಾಣವೇ ಪಣವಾಗುವುದಿದ್ದರೆ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಎರಡು ವರ್ಷದ ಬರವಣಿಗೆಯನ್ನು ಇನ್ನೊಬ್ಬನ ನಾಲ್ಕು ಸಾಲು ಅಳಿಸಿಹಾಕುವಂತಿರಬಾರದು.

ಆರು: ಮೂವರು ತೀರ್ಪುಗಾರರು; ಆಡುವವರ ಆಪ್ತರು ಬೇಡ. ತೀರ್ಪಿನ ಜೊತೆಗೆ ಕಾರಣವನ್ನೂ ಬರೆಯಬೇಕು. ನಿಯಮವನ್ನು ತಿದ್ದಬಹುದು, ಆದರೆ ನಡೆಯುತ್ತಿರುವ ಪಂದ್ಯಕ್ಕೆ ಅದು ಅನ್ವಯಿಸದು.

ಈ ಆರನೆಯದನ್ನು ಸೂಚಿಸಿದವನು ಯಾರೆನ್ನುತ್ತೀರಿ? ನಡುವೆ ಹೊಸ ನಿಯಮ ಬರೆದ ಆ ಗೆಳೆಯನೇ. "ನಾನು ಮಾಡಿದ್ದು ಇನ್ನೊಬ್ಬರು ಮಾಡಬಾರದು" ಎಂದ. ಯಾರೂ ಅವನನ್ನು ಹಂಗಿಸಲಿಲ್ಲ. ಹುಡುಗಿಯ ಮರಣ ಅಸಿಂಧುವೆಂದು ತೀರ್ಮಾನವಾಗಿ, ಸೂತಕ ಕಳೆಯಿತು.

ಹಿರಿಯರಿಗೆ ಎರಡು ಮಾತು

ತಂದೆತಾಯಿಯರು ಇಲ್ಲಿ ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಮುಖ ಕಾಣದ ಬಳಗದಲ್ಲಿ ವಯಸ್ಸು ಸುಳ್ಳು ಹೇಳುವವರೂ ಇರಬಹುದು. ನಿಜವಾದ ಹೆಸರು, ಶಾಲೆ, ವಿಳಾಸ, ಭಾವಚಿತ್ರ ಯಾವುದನ್ನೂ ಮಕ್ಕಳು ಅಲ್ಲಿ ಕೊಡಬಾರದು. ಯಾರಾದರೂ 'ಮನೆಯವರಿಗೆ ಹೇಳಬೇಡ' ಎಂದರೆ, ಅದನ್ನೇ ಮೊದಲು ಮನೆಯವರಿಗೆ ಹೇಳಬೇಕು. ಆದರೆ ಮಗು ಧೈರ್ಯವಾಗಿ ಹೇಳಬೇಕಾದರೆ, ಅದರ ಆಟವನ್ನು ನಾವು ಹಾಸ್ಯಮಾಡಿರಬಾರದು. ಅಂದು ತಂಗಿ ನಕ್ಕದ್ದು ತಿಳಿಯದೆ. ಆಮೇಲೆ ಅವಳೇ ಮಗಳ ಎರಡು ವರ್ಷದ ಬರವಣಿಗೆಯನ್ನು ಕುಳಿತು ಓದಿದಳು. "ಇಷ್ಟು ಚೆನ್ನಾಗಿ ಬರೆಯುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ ಅಣ್ಣಾ" ಎಂದಳು.

ಡಿಸೆಂಬರಿನಲ್ಲಿ ಅದೇ ಹುಡುಗನೊಂದಿಗೆ ಹೊಸ ನಿಯಮದ ಮೊದಲ ಪಂದ್ಯ ನಡೆಯಿತು. ಈ ಸಲ ಸವಾಲು ಹಾಕಿದವಳು ಇವಳು. ಪಂದ್ಯ ಹನ್ನೊಂದು ದಿನ ನಡೆಯಿತು. ಎಂಟನೆಯ ದಿನ ಹುಡುಗನ ಕತ್ತಿ ತಪ್ಪಿಸಿಕೊಳ್ಳಲಾಗದಂತೆ ಬಂತು. ನೆಪ ಹುಡುಕಿದ್ದರೆ ಸಿಗುತ್ತಿತ್ತು. ಇವಳು, 'ಕತ್ತಿ ನನ್ನ ತೋಳನ್ನು ಸೀಳಿತು' ಎಂದು ತನ್ನ ಕೈಯಿಂದಲೇ ಬರೆದಳು. ಮೂವರು ತೀರ್ಪುಗಾರರೂ ಹುಡುಗನೇ ಗೆದ್ದನೆಂದರು.

ರಾತ್ರಿ ಫೋನು ಮಾಡಿದಳು. "ಸೋತೆ ಮಾಮಾ. ಆದರೆ ಸರಿಯಾಗಿ ಸೋತೆ."

'ನರುಟೊ'ದಲ್ಲಿ ಶಿಕಮಾರು ಎಂಬ ಸೋಮಾರಿ ಹುಡುಗನಿದ್ದಾನಂತೆ. ಚೂನಿನ್ ಪರೀಕ್ಷೆಯ ಕೊನೆಯ ಸುತ್ತಿನಲ್ಲಿ ಎದುರಾಳಿಯನ್ನು ಉಪಾಯದಿಂದ ಕಟ್ಟಿಹಾಕಿದ ಮೇಲೆ, ತನ್ನ ಚಕ್ರ ಮುಗಿಯುತ್ತ ಬಂದಿತೆಂದು ತಾನೇ ಸೋಲೊಪ್ಪಿಕೊಂಡ. ಆ ಪರೀಕ್ಷೆಯಲ್ಲಿ ಬಡ್ತಿ ಸಿಕ್ಕಿದ್ದು ಅವನೊಬ್ಬನಿಗೇ. ಈ ಕಥೆಯನ್ನು ಹೇಳಿದವಳು ನನ್ನ ಸೊಸೆಯೇ. ಮುಂದಿನ ಪಂದ್ಯಕ್ಕೆ ತೀರ್ಪುಗಾರಳಾಗಿ ಅವಳನ್ನೇ ಆರಿಸಿದ್ದಾರೆ. ಅವಳ ಹೆಸರನ್ನು ಸೂಚಿಸಿದವನು ಅವಳನ್ನು ಗೆದ್ದ ಹುಡುಗ.