ಊಟದ ಮನೆಗೆ ಗೊಂಚಲುದೀಪ

ಮೈಸೂರಿನ ಅರಮನೆಯ ಕಲ್ಯಾಣಮಂಟಪದಲ್ಲಿ ತೂಗುವ ಗೊಂಚಲುದೀಪವನ್ನು ನಮ್ಮಲ್ಲಿ ನೋಡದವರು ವಿರಳ. 1912ರಲ್ಲಿ ಮುಗಿದ ಆ ಅರಮನೆಯಲ್ಲಿ ದೀಪಕ್ಕೆ ತೂಗಲು ಬೇಕಾದಷ್ಟು ಎಡೆಯುಂಟು. ವಿಶಾಖಪಟ್ಟಣ, ವಿಜಯವಾಡಗಳ ಫ್ಲಾಟುಗಳಲ್ಲಿರುವ ನಮಗೆ ದೊರಕುವುದು ಒಂಬತ್ತು ಹತ್ತಡಿ ಎತ್ತರ. ಆದರೂ ಊಟದ ಮೇಜಿನ ಮೇಲೊಂದು ಗೊಂಚಲು, ಸುತ್ತಲೂ ಚಾವಣಿಯಲ್ಲಿ ಹುದುಗಿಸಿದ ದೀಪಗಳು ಬೇಕೆಂಬ ಆಸೆ ಈಚೆಗೆ ಅನೇಕ ಸಂಸಾರಗಳಲ್ಲಿ ಹುಟ್ಟಿದೆ. ಆಸೆ ತಪ್ಪಲ್ಲ, ಯಾವ ದೀಪಕ್ಕೆ ಯಾವ ಕೆಲಸವೆಂಬುದು ಮೊದಲು ಗೊತ್ತಾಗಬೇಕು.

ಹುದುಗಿಸಿದ ದೀಪಗಳನ್ನೇ ನಂಬಿದರೆ ಉಣ್ಣುವವರ ತಲೆಯ ನೆರಳು ಅವರ ತಟ್ಟೆಯ ಮೇಲೆಯೇ ಬೀಳುತ್ತದೆ. ವಯಸ್ಸಾದ ತಾಯಿಯವರಿಗೆ ಹುಳಿಯಲ್ಲಿ ಮೆಣಸಿನಕಾಯಿ ಯಾವುದು, ಹುರುಳಿಕಾಯಿ ಯಾವುದು ತಿಳಿಯದು. ಗೊಂಚಲೊಂದೇ ಇದ್ದರೆ ಮೇಜು ಬೆಳಗಿ ಮೂಲೆಗಳು ಮಂಕಾಗುತ್ತವೆ. ಆದ್ದರಿಂದ ತಟ್ಟೆಗೆ ಗೊಂಚಲು, ಗೋಡೆಗೂ ಓಡಾಟಕ್ಕೂ ಹುದುಗುದೀಪ. ಎರಡಕ್ಕೂ ಬೇರೆ ಬೇರೆ ಸ್ವಿಚ್ಚು.

ಮೇಜಿನ ಅಗಲ 3 ಅಡಿಯಾದರೆ ಗೊಂಚಲಿನ ಅಗಲ 18ರಿಂದ 24 ಅಂಗುಲ ಸಾಕು. ಅದರ ತುದಿ ಮೇಜಿನಿಂದ 30-36 ಅಂಗುಲ ಮೇಲಿರಲಿ. 6 ವಾಟಿನ ನಾಲ್ಕು ಹುದುಗುದೀಪಗಳನ್ನು ಗೋಡೆಯಿಂದ ಎರಡಡಿ ಬಿಟ್ಟು ಕೂರಿಸಬಹುದು. ಬಲ್ಬಿನ ಡಬ್ಬಿಯ ಮೇಲೆ 3000 ಕೆಲ್ವಿನ್ ಎಂದಿರುವ ಹೊಂಬಣ್ಣವನ್ನೇ ಎರಡಕ್ಕೂ ಆರಿಸಿ. 6500ರ ನೀಲಿ ಬಿಳುಪಿನಲ್ಲಿ ಬಿಸಿಬೇಳೆ ಭಾತೂ ಕಚೇರಿಯ ಕಡತದಂತೆ ಕಾಣುತ್ತದೆ!

ನಿಜವಾದ ತೊಡಕು ಫ್ಯಾನಿನದು. ಸಣ್ಣ ಕೋಣೆಯ ನಡುಜಾಗ ಒಂದೇ. ಅದನ್ನು ಗೊಂಚಲೂ ಕೇಳುತ್ತದೆ, ಫ್ಯಾನೂ ಕೇಳುತ್ತದೆ. ವಿಜಯವಾಡದ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಅನ್ನ ಗಂಟಲಲ್ಲಿಳಿಯದು. ಗೋಡೆಗೆ ಫ್ಯಾನು ಹಾಕಿಸುವುದೊಂದೇ ದಾರಿ. ಅದಾಗದಿದ್ದರೆ ಗೊಂಚಲನ್ನು ಬಿಡುವುದೇ ಲೇಸು. ರೆಕ್ಕೆಗಳ ಮೇಲ್ಗಡೆ ಹುದುಗುದೀಪ ಬಂದರೆ ಬೆಳಕು ಮಿಣುಕಾಡಿ ತಲೆನೋವು.

ವಿಶಾಖಪಟ್ಟಣದವರು ಕಬ್ಬಿಣದ ಸರಪಳಿಯನ್ನು ಕೊಳ್ಳಬಾರದು. ಕಡಲ ಗಾಳಿಯ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯೇ ವಾಸಿ. ಒಗ್ಗರಣೆಯ ಹೊಗೆ ಸಮೀಪವಿರುವುದರಿಂದ ಗಾಜಿನ ಲೋಲಕಗಳು ಕಡಿಮೆಯಿದ್ದಷ್ಟೂ ಒರೆಸುವವರಿಗೆ ಪುಣ್ಯ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಬಡಿದಾಗ ಆ ಊರು ದಿನಗಟ್ಟಲೆ ಕತ್ತಲಲ್ಲಿತ್ತು. ಇನ್‌ವರ್ಟರಿಗೆ ಹುದುಗುದೀಪಗಳನ್ನು ಮಾತ್ರ ಸೇರಿಸಿ. ನಾಲ್ಕೂ ಕೂಡಿ 24 ವಾಟು.

ಗೊಂಚಲಿನ ಕೊಕ್ಕೆ ಕಾಂಕ್ರೀಟಿಗೇ ಸಿಕ್ಕಿರಬೇಕು, ಜಿಪ್ಸಮ್ ಹಲಗೆಗಲ್ಲ. ಯುಗಾದಿಯಂದು ಮೇಜನ್ನು ಗೋಡೆಗೆ ಸರಿಸಿ ಎಲೆ ಹಾಕುವ ಮನೆಗಳಲ್ಲಿ ಸರಪಳಿಯನ್ನು ಮೇಲಕ್ಕೆತ್ತಿ ಕಟ್ಟುವ ಅನುಕೂಲವಿರಲಿ; ಇಲ್ಲವಾದರೆ ಬಡಿಸುವವರ ಹಣೆಗೆ ಪೆಟ್ಟು.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ಹುದುಗುದೀಪಕ್ಕೆ ಸುಳ್ಳು ಚಾವಣಿ ಬೇಕು. ಅದು ಅರ್ಧ ಅಡಿ ಎತ್ತರವನ್ನು ನುಂಗುತ್ತದೆ, ಹಣ ನಮ್ಮದಾದರೂ ಕೊನೆಗೆ ಮನೆಯ ಯಜಮಾನರಿಗೇ ಉಳಿಯುತ್ತದೆ. ಗೋಡೆಗೆ ಎರಡು ದೀಪ ಹಾಕಿಸಿಕೊಂಡರೂ ಕೆಲಸ ನಡೆದೀತು. ವರ್ಗದ ಹುಕುಂ ಬಂದ ದಿನ ಗೋಡೆದೀಪವೂ ಗೊಂಚಲೂ ಪೆಟ್ಟಿಗೆ ಸೇರಿ ಜೊತೆಗೇ ಬರುತ್ತವೆ.