ಕರಗಿಹೋದ ಮಣ್ಣೆತ್ತುಗಳು

ಕಾರಹುಣ್ಣಿಮೆಯಂದು ನಿಜದ ಎತ್ತುಗಳಿಗೆ ಸಲ್ಲಿಸಿದ ಗೌರವವನ್ನು ಹದಿನೈದು ದಿನಗಳ ತರುವಾಯ, ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು, ಮಣ್ಣಿನ ಎತ್ತುಗಳಿಗೂ ಸಲ್ಲಿಸುವ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ, ಅರುವತ್ತು ದಾಟಿದ ನಾಲ್ವರು ಒಂದೆಡೆ ಕುಳಿತರೆ ಮಾತು ಕುಂಬಾರರ ಅಂಗಳದ ಕಡೆಗೆ ಹೊರಳುವುದುಂಟು. ಯಾರ ಕೈಯ ಎತ್ತಿಗೆ ಹಿಣಿಲು ಎತ್ತರವಾಗಿತ್ತು, ಯಾರು ಕೊಂಬುಗಳನ್ನು ಒಳಬಾಗಿಸಿ ತಿದ್ದುತ್ತಿದ್ದರು, ಯಾರು ಜೋಡಿಯೊಡನೆ ಪುಟ್ಟ ಗೋದಲಿಯನ್ನೂ ಮರೆಯದೆ ಕೊಡುತ್ತಿದ್ದರು ಎಂಬ ಲಕ್ಷಣಗಳಿಂದಲೇ ಅವರು ಕರ್ತೃವನ್ನು ನಿರ್ಣಯಿಸಬಲ್ಲರು.

ಕೆರೆಯ ಜಿಗುಟು ಮಣ್ಣನ್ನು ತಂದು, ಹರಳನ್ನಾರಿಸಿ, ತುಳಿದು ಹದಗೊಳಿಸಿ, ಅಚ್ಚಿನ ಹಂಗಿಲ್ಲದೆ ಬೆರಳುಗಳಿಂದಲೇ ರೂಪಿಸಿದ ಆ ಎತ್ತುಗಳನ್ನು ಆವಿಗೆಯಲ್ಲಿ ಸುಡುತ್ತಿರಲಿಲ್ಲ. ಮನೆಮನೆಗೆ ಮುಟ್ಟಿಸಿದ ಜೋಡಿಗೆ ಪ್ರತಿಯಾಗಿ ಮೊರದ ಜೋಳ ಸಲ್ಲುತ್ತಿತ್ತು. ಕುಸುಬಿಯ ಕಾಳುಗಳಿಂದ ಸಿಂಗಾರಗೊಂಡು, ಜಗುಲಿಯ ಮೇಲೆ ಹೋಳಿಗೆಯ ಎಡೆಯನ್ನು ಸ್ವೀಕರಿಸಿದ ಎತ್ತುಗಳನ್ನು, ಹುಡುಗರು ಕುಂಟೆತ್ತಿನ ಹಾಡಿನಿಂದ ಜೋಳ ಬೇಡಿದ ಮೇಲೆ, ಬಾವಿಗೋ ಹಳ್ಳಕ್ಕೋ ಬಿಟ್ಟುಬರುತ್ತಿದ್ದರು.

ಹೀಗೆ ನೀರಿನಲ್ಲಿ ಕರಗಿದ ಎತ್ತಿನಲ್ಲಿ ಮಾಡಿದವರ ಗುರುತು ಉಳಿಯದು; ಬೇರೆಡೆಯ ಗೊಂಬೆಗಳ ಕಥೆ ಹಾಗಲ್ಲ. ಲಂಡನ್ನಿನ ಬ್ರಿಟನ್ ಮನೆತನದವರು 1893ರಿಂದ ಟೊಳ್ಳು ಎರಕದಲ್ಲಿ ಮಾಡಿದ ಸೀಸದ ಸಿಪಾಯಿಗಳನ್ನೂ, ಅಂಥವುಗಳನ್ನು ನೆಲದ ಮೇಲೆ ಹೂಡಿ ಆಡುವ ಯುದ್ಧಕ್ರೀಡೆಗೆ ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ನಿಯಮಗ್ರಂಥವನ್ನೂ ಸಂಗ್ರಹಿಸುವವರು ಇಂದಿಗೂ ಇದ್ದಾರೆ. ಸೀಸದ ಎರಕ 1966ರಲ್ಲಿ ನಿಂತರೂ, ಗೊಂಬೆಯ ಅಡಿಯನ್ನು ತಿರುವಿ ತಯಾರಕರ ಮುದ್ರೆಯನ್ನು ಓದುವ ಭಾಗ್ಯ ಅವರಿಗುಂಟು. ನಮ್ಮವರಿಗೆ ಅದಿಲ್ಲ. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ಗುಂಡ, ಸರ್ವಸಿದ್ಧಿ ಆಚಾರಿ ಮೊದಲಾದ ಶಿಲ್ಪಿಗಳ ಹೆಸರು ಕಲ್ಲಿನಲ್ಲಿ ನಿಂತಿರುವ ಈ ನೆಲದಲ್ಲೇ, ವರ್ಷಕ್ಕೊಮ್ಮೆ ಪ್ರತಿ ಮನೆಯ ಜಗುಲಿಯನ್ನೇರಿದ ಕಲೆಗೆ ಒಂದು ಅಕ್ಷರದ ದಾಖಲೆಯೂ ಉಳಿಯಲಿಲ್ಲವೆಂಬುದು ನನಗೆ ನಿಜವಾದ ವ್ಯಥೆ.

ಬಾಗಲಕೋಟೆಯ ವಿಷಯದಲ್ಲಿ ಈ ವ್ಯಥೆ ಇಮ್ಮಡಿಯಾದುದು. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರನ್ನು ಹಂತಹಂತವಾಗಿ ಆಕ್ರಮಿಸಿ, ಜನರು ನವನಗರಕ್ಕೆ ತೆರಳಿದಾಗ, ಮನೆಗೆ ಪರಿಹಾರ ದೊರೆಯಿತು. ಆದರೆ ಯಾವ ಮನೆಗೆ ಯಾರು ಎತ್ತು ಕೊಡಬೇಕೆಂಬ ತಲೆಮಾರುಗಳ ಬಾಧ್ಯತೆಯನ್ನು ಯಾವ ಕಾಗದದಲ್ಲಿಯೂ ಬರೆದುಕೊಳ್ಳಲಾಗದು. ಓಣಿ ಚದುರಿತು, ಗಿರಾಕಿಯೂ ಕುಂಬಾರನೂ ಪರಸ್ಪರ ದೂರವಾದರು.

ಈಗ ಪೇಟೆಯಲ್ಲಿ ಅಚ್ಚಿನಲ್ಲಿ ಒತ್ತಿ, ಹೊಳೆಯುವ ಬಣ್ಣ ಬಳಿದ ಎತ್ತುಗಳು ಸಾಲಾಗಿ ದೊರೆಯುತ್ತವೆ. ಅವುಗಳನ್ನು ಕೊಳ್ಳುವವರ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದರಂತೆ ಇನ್ನೊಂದಿರುವ ಸಾವಿರ ಎತ್ತುಗಳಲ್ಲಿ ನೆನಪಿಗೆ ಹಿಡಿಯಲು ಯಾವ ಗುರುತೂ ಸಿಗದು. ಹುನಗುಂದದ ಅಜ್ಜಿಯೊಬ್ಬರು ಎರೆಮಣ್ಣಿಗೆ ನೀರು ಕಲಸಿ ಮೊಮ್ಮಕ್ಕಳಿಂದ ಎತ್ತು ಮಾಡಿಸುತ್ತ, ಕೊಂಬನ್ನು ಬಾಗಿಸುವ ಬಗೆ ತಮ್ಮ ಇಳಕಲ್ಲಿನ ತವರಿನ ಕುಂಬಾರರದೇ ಎಂದು ಪಟ್ಟುಹಿಡಿಯುತ್ತಾರೆ. ಬಾದಾಮಿಯ ಕಡೆಯಿಂದ ಬಂದ ಸೊಸೆಯು, "ನಮ್ಮ ಊರಾಗ ಕೊಂಬು ನೆಟ್ಟಗ ಇರತಿದ್ದವ್ರಿ ಅತ್ತಿ" ಎಂದು ಪ್ರತಿವರ್ಷವೂ ಅದನ್ನು ತಿದ್ದಹೋಗುತ್ತಾರೆ.