ಗಣಿ ಮುಚ್ಚಿದರೂ ಮುಗಿಯದ ಪಾಳಿ

ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲರೂ ಬೆಂಗಳೂರಿಗೆ ದುಡಿಯಲು ಹೊರಟವರು. ಅವರ ಚೀಲದಲ್ಲಿರುವ ಊಟದ ಡಬ್ಬಿಗಳಲ್ಲಿ ಎಷ್ಟನ್ನೋ ತುಂಬಿ ಕಳಿಸಿದವರು ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಲೈನ್ ಮನೆಗಳ ಅಜ್ಜಿಯರು. ಮೊಮ್ಮಕ್ಕಳಿಗೆ ಅವರು ಪಾಟಿ.

ಕೆಜಿಎಫ್ ಅಂದರೆ ನಮಗೆ ನೆನಪಾಗುವುದು ಚಿನ್ನ, ಈಚೆಗೆ ಸಿನಿಮಾ. ಈ ಹೆಂಗಸರ ಬಗ್ಗೆ ಬರೆದವರು ಕಡಿಮೆ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಸಾವಿರಾರು ಕುಟುಂಬಗಳು ಇಲ್ಲಿಗೆ ವಲಸೆ ಬಂದವು. ಹೆಚ್ಚಿನವು ದಲಿತ ಕುಟುಂಬಗಳು. ಬಿದಿರು ತಟ್ಟಿಯ ಗೋಡೆಗಳ ಒಂದೊಂದು ಕೋಣೆ, ಸಾಲುಸಾಲು ಮನೆ, ಅದೇ ಲೈನ್. ಆಮೇಲೆ ಆಂಬೂರು, ಗುಡಿಯಾತ್ತಂ, ಕುಪ್ಪಂ ಕಡೆಯಿಂದ ಸೊಸೆಯರಾಗಿ ಬಂದವರೂ ಇಲ್ಲಿಯವರೇ ಆದರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ಕನ್ನಡ, ತೆಲುಗು.

ಗಣಿ ನಡೆಯುತ್ತಿದ್ದಾಗ ಪಾಳಿಯ ಸೈರನ್ನೇ ಮನೆಯ ಗಡಿಯಾರ. ಗಂಡ ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ಗೆ ಇಳಿಯುವ ಮೊದಲು ಒಲೆ ಉರಿಯಬೇಕು. ಒಳಗೆ ಬಂಡೆ ಸಿಡಿದರೆ, ಅಂದರೆ ಏರ್‌ಬ್ಲಾಸ್ಟ್ ಆದರೆ, ಮೇಲೆ ಅಡುಗೆಮನೆಯ ಪಾತ್ರೆ ಅದುರುತ್ತಿತ್ತು. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು ಶಾಫ್ಟ್ ಕಡೆ ಓಡುವುದು ಈ ಹೆಂಗಸರ ಪಾಲಿಗೆ ಬಂದದ್ದೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಿಲಿಕೋಸಿಸ್ ಎಷ್ಟೋ ಗಂಡಸರ ಶ್ವಾಸಕೋಶ ತಿಂದಿತ್ತು, ವಿಧವೆಯರು ಉಳಿದರು. ಮಕ್ಕಳು ರೈಲು ಹಿಡಿದರು. ಮೊಮ್ಮಕ್ಕಳು ಅಜ್ಜಿಯ ಮಡಿಲಿಗೆ ಬಂದರು.

ಅಜ್ಜಿಯ ದಿನ ನಸುಕಿಗೂ ಮೊದಲೇ ಶುರುವಾಗುತ್ತದೆ. ಹೊಸಿಲ ಮುಂದೆ ನೀರು ಚಿಮುಕಿಸಿ, ಬೆರಳಸಂದಿಯಿಂದ ಹಿಟ್ಟು ಬಿಡುತ್ತಾ ಚುಕ್ಕಿಯ ಸುತ್ತ ಒಂದೇ ಎಳೆಯಲ್ಲಿ ಕೋಲ, ಅಂದರೆ ರಂಗೋಲಿ, ಹಾಕುತ್ತಾಳೆ. ಮಂಡಿ ಬಗ್ಗದಿದ್ದರೂ ಸೊಂಟ ಬಗ್ಗಿಸಿಯೇ ಹಾಕಬೇಕು. ಆಮೇಲೆ ಇಡ್ಲಿ, ಚಟ್ನಿ, ಡಬ್ಬಿ. ಮಗಳನ್ನು ರೈಲಿಗೆ ಕಳಿಸಿ, ಮೊಮ್ಮಗನ ತಲೆ ಬಾಚಿ ಶಾಲೆಗೆ ಬಿಟ್ಟರೆ, ಮುಂದೆ ನೀರಿನ ಚಿಂತೆ. ಒಂದು ಕಾಲಕ್ಕೆ ಬೇತಮಂಗಲದ ಕೆರೆಯ ನೀರು ಕಂಡ ಊರಿದು. ಈಗ ನಲ್ಲಿ ಬಂದಾಗಲೇ ಕೊಡಗಳೆಲ್ಲ ತುಂಬಬೇಕು. ಯಾರ ಮನೆಯ ಕೊಡ ಯಾವುದೆಂದು ಎಲ್ಲ ಅಜ್ಜಿಯರಿಗೂ ಗೊತ್ತು. ಸಾಲಿಗೆ ಬಾರದ ಒಂಟಿ ಮುದುಕಿಗೂ ಯಾರಾದರೂ ಒಂದು ಕೊಡ ಹೊತ್ತು ಕೊಡುತ್ತಾರೆ.

ತಮಿಳರ ಆಡಿ ಮಾಸದಲ್ಲಿ ಮಾರಿಯಮ್ಮನಿಗೆ ಕೂಳು, ಅಂದರೆ ರಾಗಿ ಗಂಜಿ. ರಾಗಿಹಿಟ್ಟನ್ನು ಹಿಂದಿನ ದಿನವೇ ನೀರಲ್ಲಿ ಕಲಸಿಟ್ಟು ಹುಳಿ ಬರಿಸಿ, ನುಚ್ಚಕ್ಕಿ ಬೇಯುವಾಗ ಸುರಿದು, ಗಂಟಾಗದಂತೆ ತಿರುವಬೇಕು. ಹೀಗೆ ತಿರುವುವ ಹದ ಅಜ್ಜಿಯ ಕೈಗೇ ಬಿಟ್ಟದ್ದು. ದೇವಿಗೆ ಒಪ್ಪಿಸಿ, ನುಗ್ಗೆಸೊಪ್ಪು, ಕರುವಾಡು ಎಂಬ ಒಣಮೀನಿನ ಜೊತೆಗೆ ಬೀದಿಗೆಲ್ಲ ಹಂಚುತ್ತಾರೆ. ಕ್ರೈಸ್ತ ಅಜ್ಜಿಯರ ವಾರ ಚರ್ಚಿನ ಗಂಟೆಗೆ ಹೊಂದಿಕೊಂಡಿದೆ. ಹಬ್ಬದ ಊಟ ಮಾತ್ರ ಎರಡೂ ಕಡೆ ಓಡಾಡುತ್ತದೆ.

ವಯಸ್ಸಾಯಿತು, ಕೂತುಕೊಳ್ಳಿ ಎಂದು ಮಕ್ಕಳು ಹೇಳುವುದುಂಟು. ಅದು ಪ್ರೀತಿಯ ಮಾತೇ. ಆದರೆ ಕೆಲಸ ಕಿತ್ತುಕೊಂಡರೆ ಈ ಹೆಂಗಸರಿಗೆ ಊರಿನಲ್ಲಿದ್ದ ಜಾಗವನ್ನೇ ಕಿತ್ತುಕೊಂಡಂತೆ ಎಂದು ನನಗೆ ಅನ್ನಿಸುತ್ತದೆ. ಒಲೆ, ಕೊಡ, ಕೋಲ, ಮೊಮ್ಮಗುವಿನ ಊಟ, ಇವುಗಳಿಂದಲೇ ಅವರು ಬೀದಿಗೆ ಬೇಕಾದವರು. ಭಾರವಾದ ಕೊಡ ಹೊರುವುದು ತಪ್ಪಲಿ. ಕೂಳಿನ ಸೌಟು ಅವರ ಕೈಯಲ್ಲೇ ಇರಲಿ.

ಲೈನ್ ಮನೆಗಳ ಹಕ್ಕಿಗಾಗಿ ಕಾರ್ಮಿಕ ಕುಟುಂಬಗಳು ವರ್ಷಗಟ್ಟಲೆ ಹೋರಾಡಿವೆ. ಹಕ್ಕುಪತ್ರ ಬರೆಯುವಾಗ ಮೊದಲ ಹೆಸರು ಆ ಮನೆಯ ಅಜ್ಜಿಯದೇ ಇರಬೇಕು. ನಲ್ಲಿನೀರು ದಿನವೂ ಬರಬೇಕು. ಕೇಳಬೇಕಾದವರು ಇದನ್ನು ಕೇಳಿಸಿಕೊಳ್ಳಲಿ.